ತೆಳ್ಳಗಾಗುವ ಸದ್ದು

ಮೂವತ್ತೈದು ವರ್ಷ ಹಿಟ್ಟಿನ ಗಿರಣಿ ನಡೆಸಿದ ನಮ್ಮಪ್ಪ ಕಿವಿಯಿಂದಲೇ ಕೆಲಸ ಮಾಡುತ್ತಿದ್ದ. ಮೇಲಿನ ಡಬ್ಬದಲ್ಲಿ ಕಾಳು ಮುಗಿಯುತ್ತ ಬಂದರೆ ಕಲ್ಲಿನ ಸದ್ದು ತೆಳ್ಳಗಾಗುತ್ತದಂತೆ. ಆ ಕ್ಷಣಕ್ಕೇ ಕಲ್ಲುಗಳ ಬಿಗಿ ಸಡಿಲಿಸದಿದ್ದರೆ ಕಲ್ಲಿಗೆ ಕಲ್ಲು ಉಜ್ಜಿ ಹಿಟ್ಟಿಗೆ ಹರಳು ಬೀಳುತ್ತದೆ. ಅಪ್ಪನ ಕಿವಿಯನ್ನು ತಿಂದುಹಾಕಿದ್ದೂ ಅದೇ ಗಿರಣಿಯ ಸದ್ದು.

ಶ್ರವಣಯಂತ್ರ ಹಾಕಿಸಲೇಬೇಕೆಂದು ಹಠ ಹಿಡಿದವಳು ನಾನು. ನನ್ನ ಹಠಕ್ಕೆ ಬೆಂಕಿ ಬೀಳಲಿ! ಮೊದಲ ದಿನ ಬಾಗಿಲಲ್ಲಿ ನಿಂತ ಹೆಂಗಸರ ಪಿಸುಮಾತೂ ಅಪ್ಪನಿಗೆ ಕೇಳಿತು. ಗಿರಣಿ ಮಾತ್ರ ಕೇಳಲಿಲ್ಲ. ಒಂದೇ ಸಮನೆ ಬರುವ ಸದ್ದನ್ನು ಯಂತ್ರ ಗದ್ದಲವೆಂದು ಅಳಿಸಿಬಿಡುತ್ತಿತ್ತು. ಸುಟ್ಟ ವಾಸನೆ ಬರುವ ಹೊತ್ತಿಗೆ ಕಲ್ಲು ಉಜ್ಜಿಹೋಗಿತ್ತು. ಹಿಟ್ಟು ಮಾಡಿಸಲು ಬಂದಿದ್ದ ಚಿಕ್ಕಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದಳು.

"ಊರವರ ಚಾಡಿಯೆಲ್ಲ ಕೇಳುತ್ತೆ ಕಣೇ, ನನ್ನ ಕಲ್ಲೊಂದು ಬಾಯೇ ಬಿಡಲ್ಲ," ಎಂದು ಅಪ್ಪ ನನ್ನ ಮೇಲೆ ರೇಗಿದ.

ಯಂತ್ರ ಕೊಟ್ಟವರ ಬಳಿ ಓಡಿದೆವು. ಅವರು ಫೋನಿನಲ್ಲಿ ಏನೇನೋ ಒತ್ತಿ, ಗದ್ದಲ ಅಳಿಸುವುದನ್ನು ನಿಲ್ಲಿಸಿ ಕೊಟ್ಟರು. ಈಗ ಗಿರಣಿ ಕೇಳಿತು, ತಗಡು ಬಡಿದ ಹಾಗೆ. ಕಾಳಿದ್ದರೂ ಅಷ್ಟೇ ಅಬ್ಬರ, ಇಲ್ಲದಿದ್ದರೂ ಅಷ್ಟೇ ಅಬ್ಬರ.

ಅಪ್ಪ ಯಂತ್ರ ಕಿತ್ತು ಮೇಜಿನ ಮೇಲಿಟ್ಟ. ಗಡಗಡ ನಡುಗುವ ಗಿರಣಿಯ ಕಬ್ಬಿಣಕ್ಕೆ ಹಣೆ ಒತ್ತಿ, ಕಣ್ಣು ಮುಚ್ಚಿ ನಿಂತ. ಎಷ್ಟು ಹೊತ್ತಾದರೂ ಏನೂ ಸಿಗಲಿಲ್ಲ. ಕೊನೆಗೆ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡ.

"ನಿನ್ನ ಕಿವಿ ಚೆನ್ನಾಗಿದೆಯಲ್ಲ, ನೀನು ಹೇಳೇ. ತೆಳ್ಳಗಾಯ್ತಾ? ಈಗ ತೆಳ್ಳಗಾಯ್ತಾ?"

ಕಿವಿಗೊಟ್ಟು ಕೇಳಿದೆ. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದವಳು ನಾನು. ನನಗೆ ಕೇಳಿಸಿದ್ದು ಬರೀ ಗದ್ದಲ.