ಮೇಡೆಲ್‌ಳ ಹಿತ್ತಲ ಬಾಗಿಲು

ಪೆಲ್ಲಮ್ ಕ್ರೀಕ್‌ನಲ್ಲಿ ಆರ್ವಿಲ್ ಸ್ಟ್ಯಾನ್‌ಫಿಲ್‌ನನ್ನು ಜನ ಎರಡು ಥರ ಗುರುತಿಸುತ್ತಿದ್ದರು. ದನದ ಹಿಂಡಿ ಮಾರುವ ಅಂಗಡಿಯಲ್ಲಿ ಮೂಟೆ ಎತ್ತುವವನು ಅನ್ನುವುದು ಒಂದು. ಮಧ್ಯಾಹ್ನದ ವಾರ್ತೆಗೆ ಮುಂಚೆ ರೇಡಿಯೊದಲ್ಲಿ ಬರುತ್ತಲ್ಲ, ಆ ಪಿಯಾನೊದವನು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಅವನದೇನೂ ತಕರಾರಿರಲಿಲ್ಲ. ಎರಡನೆಯದು ಕಿವಿಗೆ ಬಿದ್ದರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನಾಗುತ್ತೆ ಹೇಳಿ?

ವಯಸ್ಸಿನಲ್ಲಿ ಅವನು ಟೆನೆಸಿಯ ಕುಣಿತದ ಹಾಲ್‌ಗಳಲ್ಲೆಲ್ಲ ಪಿಯಾನೊ ಬಾರಿಸಿಕೊಂಡು ಅಲೆದವನು. ವಾರಗಟ್ಟಲೆ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಹೆಂಡತಿ ಮೇಡೆಲ್ ನೋಡುವಷ್ಟು ನೋಡಿದಳು. ಒಂದು ದಿನ ಅವನ ಕಣ್ಣೆದುರಿಗೇ ಹಿತ್ತಲ ಬಾಗಿಲಿಂದ ಹೊರಟು ತಾಯಿ ಮನೆ ಸೇರಿದಳು. ಇವನು ಕುಣಿತದ ಹಾಲ್‌ಗೂ ಹೋಗದೆ, ಊಟವೂ ಸೇರದೆ, ಅಡುಗೆಮನೆಯಲ್ಲಿ ಮಂಕು ಬಡಿದವನಂತೆ ಕೂತಿದ್ದ. ಆಮೇಲೊಂದು ಸಂಜೆ ಅದೇ ಬಾಗಿಲಿಂದ ಅವಳು ಒಳಗೆ ಬಂದಳು. ಬೀನ್ಸ್ ತೊಳೆದು ಒಲೆ ಮೇಲಿಟ್ಟಳು. ಅಷ್ಟೇ.

ಅದಾದ ಹೊಸತರಲ್ಲೇ ನ್ಯಾಶ್‌ವಿಲ್‌ನ ಒಂದು ಸ್ಟುಡಿಯೊದಿಂದ ಕರೆ ಬಂತು, ಅಲ್ಲಿಯ ಪಿಯಾನೊದವನಿಗೆ ಹುಷಾರಿಲ್ಲ ಅಂತ. ಹಾಡುವವನು ಒಂದು ಹಾಡು ಮುಗಿಸುವಷ್ಟರಲ್ಲಿ ಅವನ ಗಂಟಲು ಕೂತುಹೋಯಿತು. ಸ್ಟುಡಿಯೊ ಯಜಮಾನ ಕೈಗಡಿಯಾರ ನೋಡಿಕೊಂಡು, ಏನಾದರೂ ಬಾರಿಸಪ್ಪ, ಗ್ರಾಮಫೋನ್ ತಟ್ಟೆಯ ಹಿಂಬದಿ ಖಾಲಿ ಬಿಡೋಕಾಗಲ್ಲ ಅಂದ. ಅಲ್ಲಿ ಸ್ವರ ಬರೆದಿಟ್ಟುಕೊಂಡು ನುಡಿಸುವ ಪದ್ಧತಿಯೇ ಇಲ್ಲ. ಮುಂದಿನ ಸ್ವರಗುಂಪು ಎಷ್ಟನೆಯದು ಅಂತ, ಒಂದು, ನಾಲ್ಕು, ಐದು, ಬೆರಳಲ್ಲಿ ತೋರಿಸಿದರೆ ಗಿಟಾರಿನವನೂ ಡೋಲಿನವನೂ ತಲೆಯಾಡಿಸಿ ಹಿಂದೆ ಬರುತ್ತಾರೆ. ಆರ್ವಿಲ್ ಬೆರಳು ತೋರಿಸಿದ, ಶುರು ಮಾಡಿದ.

ಆ ಊರ ಕಡೆಯ ಪಿಯಾನೊದ ಚೆಂದವೇ ಬೇರೆ. ಬೆರಳು ಬೇಕಾದ ಸ್ವರದ ಮನೆಗೆ ನೆಟ್ಟಗೆ ಬೀಳುವುದಿಲ್ಲ, ಪಕ್ಕದ ಮನೆಯನ್ನು ಸವರಿಕೊಂಡು ಜಾರಿ ಬಂದು ಕೂರುತ್ತದೆ. ಅಳು ತಡೆದುಕೊಂಡು ಮಾತಾಡುವವರ ಗಂಟಲು ಹೀಗೇ ಜಾರುತ್ತದಲ್ಲ, ಹಾಗೆ. ಆರ್ವಿಲ್ ಮೊದಲ ಸುತ್ತಿನಲ್ಲಿ ಮೇಡೆಲ್‌ಳನ್ನು ಹೊರಡಿಸಿದ. ಎರಡನೆಯದರಲ್ಲಿ ಖಾಲಿ ಅಡುಗೆಮನೆ. ಮೂರನೆಯದರಲ್ಲಿ ಎಡಗೈ ಸುಮ್ಮನಾಗಿ ಬಲಗೈಯೊಂದೇ ನಿಧಾನಕ್ಕೆ ಮೆಟ್ಟಿಲು ಹತ್ತಿ ಬರುತ್ತದೆ, ಬಾಗಿಲು ತೆಗೆಯುತ್ತದೆ. ಅವನು ಜನ್ಮದಲ್ಲಿ ಅದಕ್ಕಿಂತ ಚೆನ್ನಾಗಿ ಏನನ್ನೂ ನುಡಿಸಿದವನಲ್ಲ. 'ಮೇಡೆಲ್‌ಳ ಹಿತ್ತಲ ಬಾಗಿಲು' ಅಂತ ಹೆಸರಿಟ್ಟ. ಕುಣಿತದ ಹಾಲ್‌ಗಳಿಗೆ ಕೈಮುಗಿದು ಹಿಂಡಿ ಅಂಗಡಿ ಸೇರಿದ.

ತಟ್ಟೆ ಯಾರಿಗೂ ಬೇಡವಾಯಿತು, ಊರ ರೇಡಿಯೊದಲ್ಲಿ ತಟ್ಟೆ ಹಾಕುವ ಲಾಂಜೊ ಕ್ರ್ಯಾಬ್‌ಟ್ರೀ ಒಬ್ಬನನ್ನು ಬಿಟ್ಟು. ಹನ್ನೆರಡು ಹೊಡೆಯುತ್ತಿದ್ದಂತೆ ದೊಡ್ಡ ಪಟ್ಟಣದಿಂದ ವಾರ್ತೆ ತಂತಿಯಲ್ಲಿ ಬಂದುಬಿಡುತ್ತದೆ, ಅದು ಯಾರಪ್ಪನ ಮಾತೂ ಕೇಳುವುದಿಲ್ಲ. ಅದಕ್ಕೆ ಮುಂಚಿನ ಚೂರುಪಾರು ಹೊತ್ತನ್ನು ತುಂಬಬೇಕು. ಹಾಡು ಹಾಕಿ ನಡುವೆ ಕತ್ತರಿಸಿದರೆ ಜನ ಫೋನ್ ಮಾಡಿ ಉಗಿಯುತ್ತಾರೆ. ಮಾತಿಲ್ಲದ ಪಿಯಾನೊ ಆದರೆ ಎಲ್ಲಿ ಕತ್ತರಿಸಿದರೂ ಕೇಳುವವರಿಲ್ಲ. ಹಾಗಾಗಿ ವರ್ಷಗಟ್ಟಲೆ, ದಿನವೂ, ಎರಡನೆಯ ಸುತ್ತು ಮುಗಿದು ಇನ್ನೇನು ಎಡಗೈ ಸುಮ್ಮನಾಗಬೇಕು ಅನ್ನುವಾಗ ಲಾಂಜೊ ತಟ್ಟೆಯ ಕತ್ತು ಹಿಸುಕುತ್ತಿದ್ದ. ಮೇಡೆಲ್ ದಿನವೂ ಮನೆ ಬಿಡುತ್ತಿದ್ದಳು, ಒಂದು ದಿನವೂ ವಾಪಸ್ ಬರುತ್ತಿರಲಿಲ್ಲ. ಆರ್ವಿಲ್ ಎಷ್ಟೋ ಸಲ ಬೇಡಿಕೊಂಡ. ಲಾಂಜೊ ನಗುತ್ತಾ, ದಿನಾ ರೇಡಿಯೊದಲ್ಲಿ ಬರ್ತೀಯಲ್ಲೋ, ಇನ್ನೂ ಏನು ಗೋಳು ನಿಂದು ಅನ್ನುತ್ತಿದ್ದ.

ಗಂಡನನ್ನು ಕಲ್ಲುಗಣಿಯಲ್ಲಿ ಕಳಕೊಂಡ ಮುದುಕಿ ಓಸಿ ಹ್ಯಾಟ್‌ಮೇಕರ್ ಒಂದು ದಿನ ಕೋಳಿ ಕಾಳು ಒಯ್ಯಲು ಬಂದವಳು, ಕೇಳದಿದ್ದರೂ ಹೇಳಿದಳು:

"ಹಾಡಲ್ಲಿ ಮಾತಿರ್ತವೆ ಕಣಪ್ಪ. ಯಾರಿಗೋಸ್ಕರ ಅಳಬೇಕು ಅಂತ ಅವರೇ ಹೇಳಿಬಿಡ್ತಾರೆ. ನಿಂದ್ರಲ್ಲಿ ಆ ಕಾಟ ಇಲ್ಲ. ನಮ್ಮೆಜಮಾನ್ರು ಬಂದು ಕೂತ್ಕೊಳ್ಳೋಕೆ ಜಾಗ ಇರುತ್ತೆ."

ಆರ್ವಿಲ್‌ಗೆ ಕಣ್ಣು ತುಂಬಿ ಬಂತು. ಕೊನೆಯ ಭಾಗ ಕೇಳಿದ್ದೀರಾ ಅಂತ ಆಸೆಯಿಂದ ಕೇಳಿದ.

"ಕೊನೇದಾ? ಕೊನೇಲಿ ವಾರ್ತೆ ಬರುತ್ತಲ್ಲ."

ಅವತ್ತೇ ಹೋಗಿ ಲಾಂಜೊನನ್ನು ಪೀಡಿಸಿದ, ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. ಕಾಟ ತಾಳಲಾರದೆ ಅವನು ಒಪ್ಪಿಕೊಂಡ, ನಾಳೆ ಬೆಳಿಗ್ಗೆ ಹತ್ತಕ್ಕೆ ಪೂರ್ತಿ ಹಾಕ್ತೀನಿ, ತೊಲಗು ಅಂತ.

ಮಾರನೆಯ ದಿನ ಆರ್ವಿಲ್ ಅಂಗಡಿಗೆ ರಜೆ ಹಾಕಿ, ಶುಭ್ರವಾದ ಅಂಗಿ ತೊಟ್ಟು, ರೇಡಿಯೊ ಇರುವ ಕ್ಷೌರದಂಗಡಿಯಲ್ಲಿ ಹೋಗಿ ಕೂತ. ಯಾರಿಗೂ ಹೇಳಿರಲಿಲ್ಲ, ತಾವಾಗಿಯೇ ಕೇಳಲಿ, ಮುಖ ನೋಡೋಣ ಅಂತ. ಪಿಯಾನೊ ಶುರುವಾಯಿತು. ಕ್ಷೌರದವನು ಅರ್ಧ ಕತ್ತರಿಸಿದ ತಲೆಯನ್ನು ಹಾಗೇ ಬಿಟ್ಟು, ಕತ್ತರಿ ಇಟ್ಟು, ಕೈ ತೊಳೆದು ಊಟಕ್ಕೆ ಹೊರಟ. ಎದುರಿನ ಅಂಗಿ ಫ್ಯಾಕ್ಟರಿಯ ಅಡುಗೆಯವಳು ಅದೇ ಪಿಯಾನೊ ಕೇಳಿ ಗಂಟೆ ಬಾರಿಸಿದಳು. ಹೆಂಗಸರೆಲ್ಲ ಮಷೀನು ನಿಲ್ಲಿಸಿ ಊಟದ ಡಬ್ಬಿ ಹಿಡಿದು ಬೀದಿಗೆ ಬಂದರು. ಪಿಯಾನೊ ಶುರುವಾದರೆ ಊಟದ ಹೊತ್ತು ಅಂತಲೇ ಇಡೀ ಊರಿಗೆ ಅಭ್ಯಾಸ, ಗಡಿಯಾರ ನೋಡುವವರು ಯಾರು? ಆರ್ವಿಲ್ ಬೀದಿಯಲ್ಲಿ ನಿಂತು, ಇನ್ನೂ ಹತ್ತು ಗಂಟೆ ಕಣ್ರಪ್ಪ, ಒಳಗೆ ಹೋಗಿ ಕೇಳಿ ಅಂತ ಬಡಕೊಂಡ. ಒಳಗೆ ಖಾಲಿ ಅಂಗಡಿಯಲ್ಲಿ ಬಲಗೈ ಮೆಟ್ಟಿಲು ಹತ್ತುತ್ತಿತ್ತು. ಅರ್ಧ ತಲೆಯವನೂ ಎದ್ದು ಹೋಗಿಬಿಟ್ಟಿದ್ದ. ಮಧ್ಯಾಹ್ನದವರೆಗೂ ಊರೆಲ್ಲ ಲಾಂಜೊಗೆ ಫೋನ್ ಮಾಡಿ ಜನ್ಮ ಜಾಲಾಡಿತು. ಲಾಂಜೊ ಅದನ್ನೆಲ್ಲ ಬಡ್ಡಿ ಸಮೇತ ಆರ್ವಿಲ್‌ಗೆ ದಾಟಿಸಿ, ಇನ್ನು ಈ ಕಡೆ ಕಾಲಿಡಬೇಡ ಅಂದ.

ಮನೆಗೆ ಬಂದು ಮೇಡೆಲ್‌ಳನ್ನು ವಿಚಾರಿಸಿದ. ಅವಳು ಕೋಳಿಗೂಡಿನಲ್ಲಿದ್ದಳಂತೆ, ಅವಳಿಗೂ ಕೇಳಿಸಿರಲಿಲ್ಲ.

ಆಗ ದಾರಿ ಕಂಡದ್ದು ಓಸಿಯಿಂದಲೇ. ಗಂಡ ತೀರಿಕೊಂಡ ದಿನದ ನೆನಪಿಗೆ ಭಾನುವಾರ ಚರ್ಚಿನಲ್ಲಿ ಅದನ್ನು ಬಾರಿಸುತ್ತೀಯಾ ಅಂತ ಹೇಳಿ ಕಳಿಸಿದಳು. ಆರ್ವಿಲ್ ಹಿಗ್ಗಿಹೋದ. ಚರ್ಚಿನಿಂದ ಊಟಕ್ಕೆ ಅಂತ ಯಾವನು ಎದ್ದು ಹೋಗುತ್ತಾನೆ ನೋಡೇಬಿಡೋಣ, ಅಲ್ಲಿ ಲಾಂಜೊನೂ ಕೂತು ಕೇಳಬೇಕು.

ಭಾನುವಾರ ಮೊದಲ ಸುತ್ತು ನುಡಿಸಿದ. ಒಬ್ಬರೂ ಮಿಸುಕಲಿಲ್ಲ. ಎರಡನೆಯದರಲ್ಲಿ ಓಸಿ ಕಣ್ಣು ಮುಚ್ಚಿಕೊಂಡಿದ್ದಳು. ಎಡಗೈ ಸುಮ್ಮನಾಗುವ ಜಾಗ ಬಂತು. ಎಡಗೈ ಸುಮ್ಮನಾಯಿತು. ಬಲಗೈಯೂ ಸುಮ್ಮನಾಯಿತು. ಬೆರಳು ಮನೆಗಳ ಮೇಲೇ ಇತ್ತು, ಮುಂದಿನದೆಲ್ಲ ಗೊತ್ತಿತ್ತು, ಆದರೂ ಅವನು ಕಾಯುತ್ತಿದ್ದ. ಯಾತಕ್ಕೆ ಕಾಯುತ್ತಿದ್ದೇನೆ ಅಂತ ಒಂದು ಗಳಿಗೆ ಹೊಳೆಯಲಿಲ್ಲ. ವಾರ್ತೆಗೆ. ವರ್ಷಗಟ್ಟಲೆ ಹಿಂಡಿ ಅಂಗಡಿಯಲ್ಲಿ ನಿಂತು ಕೇಳಿದ ಕಿವಿ ಅವನ ಕೈಯನ್ನೂ ಅಲ್ಲೇ ನಿಲ್ಲಿಸಿಬಿಟ್ಟಿತ್ತು. ಥೂ ಅಂದುಕೊಂಡು ಬೆರಳೆತ್ತುವಷ್ಟರಲ್ಲಿ ಪಾದ್ರಿಗಳು ಎದ್ದು, ಪ್ರಾರ್ಥಿಸೋಣ ಅಂದುಬಿಟ್ಟರು. ಏನೋ ಉಳಿಯಿತು ಅಂತ ಒಂದು ನರಪಿಳ್ಳೆಗೂ ಅನ್ನಿಸಲಿಲ್ಲ.

ಬಾಗಿಲಲ್ಲಿ ಓಸಿ ಅವನ ಎರಡೂ ಕೈ ಹಿಡಕೊಂಡು, "ಇವತ್ತು ಪೂರ್ತಿ ಕೇಳ್ದೆ ಕಣಪ್ಪ" ಅಂದಳು. ಅವನು ಹೂಂ ಅಂದ.

ಗಂಡ ಹೆಂಡತಿ ಟ್ರಕ್ಕಿನಲ್ಲಿ ಮನೆಗೆ ಹೊರಟರು. ಸೇತುವೆ ದಾಟಿದ ಮೇಲೆ ಮೇಡೆಲ್ ಟೋಪಿ ತೆಗೆದು ತೊಡೆ ಮೇಲಿಟ್ಟುಕೊಂಡಳು.

"ಹಾಗಾದ್ರೆ ನಾನಿನ್ನೂ ನಮ್ಮಮ್ಮನ ಮನೇಲೇ ಇದ್ದೀನಿ ಅನ್ನು" ಅಂದಳು.