ನಾನು ಬಡಿದು ನೋಡದ ಐಸಿನ ಕಂಬ

ವೀಣಾ, ಆ ಕಂಬವನ್ನು ನಾನು ಬಡಿದು ನೋಡಿರಲಿಲ್ಲ. ನೋಡಿದ್ದೇನೆ ಎಂದು ನಿನಗೆ ಎರಡು ಸಲ ಹೇಳಿದೆ — ಎರಡು ಸಲವೂ ಸುಳ್ಳು. ನಿನ್ನ ಎಡಗಾಲು ಮುರಿದದ್ದು ಆ ಸುಳ್ಳಿನಿಂದ. ಆಮೇಲೆ ತಪ್ಪನ್ನು ನಿನ್ನ ತಲೆಗೆ ಕಟ್ಟಿದವನೂ ನಾನೇ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಎಪ್ಪತ್ತು ದಾಟಿದ ಮುದುಕ, ನೆನಪು ಮಸುಕಾಗಿರಬಹುದು ಎಂದು ಯಾರೂ ರಿಯಾಯಿತಿ ತೋರಿಸಬೇಕಾಗಿಲ್ಲ.

ಡಾಟ್‌ಕಾಮ್ ಕಂಪನಿಗಳು ಏರುತ್ತಿದ್ದ ಕಾಲ ಅದು. ನೀನು ಧಾರವಾಡದಿಂದ ಬಂದು ಫಾಸ್ಟರ್ ಸಿಟಿಯ ಒಂದು ಸ್ಟಾರ್ಟಪ್ಪಿನಲ್ಲಿ ಕೆಲಸಕ್ಕಿದ್ದೆ. ಬೆಂಗಳೂರಿನ ಮೋಹನ ಮತ್ತು ಅವನ ಗೆಳೆಯರು ಚಳಿಗಾಲದ ಶನಿವಾರಗಳಲ್ಲಿ ಸಿಯೆರಾ ಬೆಟ್ಟಗಳಿಗೆ ಹೋಗಿ, ಹೆಪ್ಪುಗಟ್ಟಿದ ಜಲಪಾತಗಳನ್ನು ಹತ್ತುತ್ತಿದ್ದರು. ಅವರೆಲ್ಲರಿಗಿಂತ ಚೆನ್ನಾಗಿ ಹತ್ತುತ್ತಿದ್ದವಳು ನೀನು. ನಾನು ಎಂಜಿನಿಯರ್ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮೀನಿನ ಬೋಟುಗಳಿಗೆ ಐಸು ಮಾಡುತ್ತಿದ್ದವನು. ಅಕ್ಕ ಇಲ್ಲಿಗೆ ಕರೆಸಿಕೊಂಡ ಮೇಲೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬುಗಳಲ್ಲಿ ಶೀತಲ ಕೋಣೆಗಳನ್ನು ರಿಪೇರಿ ಮಾಡುತ್ತಿದ್ದೆ. ವ್ಯಾನ್ ಓಡಿಸಲು ಒಬ್ಬ ಬೇಕಿತ್ತು ಎಂದು ನಿಮ್ಮ ಜೊತೆ ಸೇರಿದೆ. ಮೂರನೆಯ ಪ್ರಯಾಣಕ್ಕೆ ಎಲ್ಲರ ಬಾಯಲ್ಲೂ ‘ಐಸಣ್ಣ’ ಆಗಿದ್ದೆ.

ಆ ಹೆಸರು ಬಂದದ್ದು ಒಂದು ಸುತ್ತಿಗೆಯಿಂದ. ಪ್ಲಾಂಟಿನಲ್ಲಿ ಐಸಿನ ಗಡ್ಡೆ ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತದೆ. ಹೊರಗೆ ಕಲ್ಲಿನಂತೆ ಕಂಡರೂ ಹೊಟ್ಟೆಯಲ್ಲಿ ನೀರು ಉಳಿದಿರಬಹುದು. ಬಡಿದರೆ ಮಾತ್ರ ತಿಳಿಯುತ್ತದೆ — ಗಟ್ಟಿಯಾದದ್ದು ಠಣ್ ಎನ್ನುತ್ತದೆ, ಆಗದ್ದು ಡಬ್ ಎನ್ನುತ್ತದೆ. ಜಲಪಾತಕ್ಕೂ ಇದೇ ಲೆಕ್ಕ ಎಂದು ಒಮ್ಮೆ ಬಡಿದು ತೋರಿಸಿದೆ. ನಾನು ಬೇಡ ಎಂದ ಪದರ ಅದೇ ಮಧ್ಯಾಹ್ನ ಕುಸಿದು ಬಿತ್ತು. ಅಲ್ಲಿಂದ ಅದೇ ಪದ್ಧತಿಯಾಯಿತು. ಬೆಳಗಾಗುತ್ತಲೇ ನಾನೊಬ್ಬನೇ ಕಣಿವೆಗೆ ಹೋಗಿ ಬಡಿದು ಬರಬೇಕು, ಮೋಟೆಲಿನಲ್ಲಿ ತಿಂಡಿಗೆ ಕುಳಿತ ನಿಮಗೆ ಸುದ್ದಿ ಹೇಳಬೇಕು. ನನ್ನ ಮಾತು ಬರುವವರೆಗೆ ಯಾರೂ ಹಗ್ಗ ಮುಟ್ಟುತ್ತಿರಲಿಲ್ಲ. ಐವತ್ತು ದಾಟಿದ ನನಗೆ ಅದು — ಹೇಗೆ ಹೇಳಲಿ — ತುಂಬ ಹಿಡಿಸಿತ್ತು.

ನಿನ್ನ ಕಾಲು ಮುರಿದ ಆ ಜಲಪಾತವನ್ನು ಹತ್ತಲು ಎರಡು ದಾರಿ, ಎರಡಕ್ಕೂ ನಾವೇ ಹೆಸರಿಟ್ಟಿದ್ದೆವು. ಎಡಗಡೆಯದು ‘ಮೆಟ್ಟಿಲು’. ಇಳಿಜಾರು, ನೆರಳು, ದಪ್ಪ ಐಸು. ಬಲಗಡೆಯದು ‘ಕಂಬ’. ಬಂಡೆಯ ಅಂಚಿನಿಂದ ನೆಲದವರೆಗೆ ನೇರವಾಗಿ ಇಳಿದದ್ದು, ಮಧ್ಯಾಹ್ನದ ಬಿಸಿಲು ಬೀಳುವಂಥದ್ದು. ಆ ಚಳಿಗಾಲ ನಿನಗೆ ಕಂಬ ಹತ್ತಬೇಕಿತ್ತು.

ಆ ಬೆಳಿಗ್ಗೆ ರಸ್ತೆ ಬದಿಯಲ್ಲಿ ವ್ಯಾನ್ ನಿಲ್ಲಿಸಿದೆ. ಅಲ್ಲಿಂದ ಜಲಪಾತದ ಬುಡಕ್ಕೆ ಹಿಮದಲ್ಲಿ ಏರು ನಡಿಗೆ. ನಾನು ಇಳಿಯಲಿಲ್ಲ. ಒಳಗೆ ಹೀಟರ್ ಇತ್ತು, ಫ್ಲಾಸ್ಕಿನಲ್ಲಿ ಕಾಫಿ ಇತ್ತು. ದುರ್ಬೀನಿನಲ್ಲಿ ನೋಡಿದೆ. ಕಂಬ ನೀಲಿಯಾಗಿ, ನೆಲಕ್ಕೆ ಊರಿ ನಿಂತಂತೆ ಕಾಣಿಸಿತು. ಇಷ್ಟು ವರ್ಷ ಐಸು ನೋಡಿದವನಿಗೆ ಇದನ್ನು ಬೇರೆ ಬಡಿಯಬೇಕೇ — ಎಂದುಕೊಂಡೆ. ಮೊಣಕಾಲು ನೋವಿತ್ತು ಎಂದು ಮುಂದೆ ನನಗೆ ನಾನೇ ಹೇಳಿಕೊಂಡದ್ದುಂಟು. ನೋವಿರಲಿಲ್ಲ.

ಮೋಟೆಲಿನಲ್ಲಿ ಮೋಹನ ಎಂದಿನಂತೆ ಷೇರಿನ ಮಾತಿನಲ್ಲಿದ್ದ. ನನ್ನನ್ನು ಕಂಡವನೇ, “ಬಂದ್ರಪ್ಪಾ ಐಸ್ ಡಿಪಾರ್ಟ್‌ಮೆಂಟು! ಏನಣ್ಣ, ಸರ್ಟಿಫಿಕೇಟು ಕೊಡ್ತೀರಾ ಇಲ್ಲ ವಾಪಸ್ ಮಲಗೋದಾ?” ಎಂದ.

ನೀನು ನಗಲಿಲ್ಲ. “ಕಾಕಾ, ಬಡದ್ ನೋಡೀರೇನು? ನಿನ್ನೆ ಬಿಸಲ ಭಾಳ ಇತ್ತು.”

“ಎಂತ ಅನುಮಾನ ಮಾರಾಯ್ತಿ? ಬಡಿದು ನೋಡಿಯೇ ಬಂದದ್ದು. ಗಂಟೆಯ ಹಾಗೆ ಕೇಳ್ತದೆ.”

ಇದು ಮೊದಲನೆಯದು. ಎರಡನೆಯದು ಕಂಬದ ಬುಡದಲ್ಲಿ. ಉಳಿದವರು ಇನ್ನೂ ಹಿಂದೆ ಇದ್ದರು. ವಾರವಿಡೀ ಬೇರೆಯವರು ತುಳಿದ ದಾರಿ, ಹಾಗಾಗಿ ನನ್ನ ಹೆಜ್ಜೆ ಇಲ್ಲದ್ದು ನಿನಗೆ ಗೊತ್ತಾಗುವಂತಿರಲಿಲ್ಲ. ನೀನು ಐಸ್ ಕೊಡಲಿಯ ಹಿಂಬದಿಯಿಂದ ಕಂಬವನ್ನು ಬಡಿದೆ. ಕಿವಿಗೊಟ್ಟು ನಿಂತೆ.

“ಕಾಕಾ, ನನಗ್ಯಾಕೋ ಪೊಳ್ಳ ಸಪ್ಪಳ ಬಂದಂಗಾತು.”

ನನಗೂ ಕೇಳಿಸಿತ್ತು. ಡಬ್ ಎಂದಿತ್ತು, ವೀಣಾ. ಆಗ ಒಂದು ಮಾತು ಸಾಕಿತ್ತು — ನಾನು ಬಂದಿರಲಿಲ್ಲ, ಹತ್ತಬೇಡ. ಆ ಮಾತಿನ ಬದಲು, “ಅದು ಮೇಲಿನ ಪದರ ಅಷ್ಟೇ. ಒಳಗೆ ಗಟ್ಟಿ ಉಂಟು. ಬಡಿದು ನೋಡಿದ್ದೇನಲ್ಲ, ಹೋಗು” ಎಂದೆ.

ನೀನು ನನ್ನ ಮುಖವನ್ನೇ ಒಂದು ಕ್ಷಣ ನೋಡಿದೆ. ನಿನ್ನ ಕಿವಿಯನ್ನು ಬಿಟ್ಟು ನನ್ನ ಮಾತನ್ನು ನಂಬಿದೆ.

ಮೋಹನ ಬಂದು ಹಗ್ಗ ಹಿಡಿದ. ನೀನು ಎರಡಾಳು ಎತ್ತರ ಏರಿದ್ದೆ, ಹಗ್ಗ ಸಿಕ್ಕಿಸುವ ಮೊದಲ ಸ್ಕ್ರೂವನ್ನು ಐಸಿಗೆ ಇನ್ನೂ ತಿರುಗಿಸಿರಲಿಲ್ಲ — ಕಂಬದ ಒಂದು ಮಗ್ಗುಲು ಕಳಚಿಕೊಂಡು ನಿನ್ನ ಸಮೇತ ಕೆಳಗೆ ಬಂತು. ಅದರ ಹಿಂದೆ ನೀರು ಹರಿಯುತ್ತಿತ್ತು. ಎಲ್ಲರೂ ನಿನ್ನತ್ತ ಓಡಿದರು. ಆ ನೀರನ್ನು ನೋಡುತ್ತ ನಿಂತವನು ನಾನೊಬ್ಬನೇ.

ವ್ಯಾನಿನ ಹಿಂದಿನ ಸೀಟಿನಲ್ಲಿ ನಿನ್ನನ್ನು ಮಲಗಿಸಿ, ಮುರಿದ ಕಾಲನ್ನು ನನ್ನ ಚೀಲದ ಮೇಲೆ ಎತ್ತಿ ಇಟ್ಟೆವು. “ಕಾಕಾ, ಕಾಲ ಕೆಳಗ ಏನೋ ಗಟ್ಟಿ ಒತ್ತಲಿಕ್ಕತ್ತದ” ಎಂದೆ ನೀನು. ನಾನು ಚೀಲ ಬಿಚ್ಚಿದೆ. ಆ ಸುತ್ತಿಗೆ. ಮನೆಯಲ್ಲಿ ಸುತ್ತಿದ ಬಟ್ಟೆ ಹಾಗೆಯೇ ಇತ್ತು, ಚೂರೂ ಒದ್ದೆಯಾಗಿರಲಿಲ್ಲ. ಅದನ್ನು ಸೀಟಿನ ಕೆಳಗೆ ತಳ್ಳಿದೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಮೋಹನ ಕೇಳಿದ, “ಐಸಣ್ಣ, ಏನಾಯ್ತು ಅದು? ಐಸು ಸರಿ ಇತ್ತು ತಾನೆ?” ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ತೀರ್ಪು ಕೊಟ್ಟೆ: “ಐಸಿಗೆ ಎಂತದೂ ಆಗಿರಲಿಲ್ಲ. ಅವಳು ಅವಸರ ಮಾಡಿದಳು. ಒಂದೇ ಕಡೆ ಗುದ್ದಿದಳು, ಒಡೆಯಿತು.” ಐಸ್ ಪ್ಲಾಂಟಿನವನ ಮಾತು. ಯಾರು ಎದುರಾಡುತ್ತಾರೆ? ನೀನು ಕೂಡ ಆಡಲಿಲ್ಲ. ಮರುದಿನ ಹಾಸಿಗೆಯಲ್ಲಿ ನನ್ನ ಕೈ ಹಿಡಿದುಕೊಂಡು, “ತಪ್ಪು ನಂದ ಕಾಕಾ. ನಿಮ್ಮ ಹೆಸರೂ ಕೆಡಿಸಿಬಿಟ್ಟೆ” ಎಂದು ನೀನೇ ಕ್ಷಮೆ ಕೇಳಿದೆ.

ನಾನು ಆ ಕ್ಷಮೆಯನ್ನು ತೆಗೆದುಕೊಂಡೆ. “ಇರಲಿ ಬಿಡು, ಇನ್ನು ಮುಂದೆ ಜಾಗ್ರತೆ” ಎಂದೆ. ನಡೆದದ್ದರಲ್ಲಿ ನಾನು ಮಾಡಿದ ಅತಿ ದೊಡ್ಡ ಕೆಡುಕು ಯಾವುದು ಎಂದು ಯಾರಾದರೂ ಕೇಳಿದರೆ — ಕಾಲು ಮುರಿದದ್ದಲ್ಲ, ಆ ಕ್ಷಮೆಯನ್ನು ತೆಗೆದುಕೊಂಡದ್ದು.

ಕಾಲು ಕೂಡಿತು. ನೀನು ಮತ್ತೆ ಹತ್ತಲಿಲ್ಲ. ಕಂಪನಿಗಳು ಮುಚ್ಚಿದವು, ಗುಂಪು ಚದುರಿತು, ಮೋಹನ ಬೆಂಗಳೂರಿಗೆ ಹೋದ. ನೀನು ಕ್ಯಾಂಪ್‌ಬೆಲ್‌ನಲ್ಲಿ ಮನೆ ಮಾಡಿದೆ, ಹಬ್ಬಕ್ಕೆಲ್ಲ ನನ್ನನ್ನು ಕರೆದು ಬಡಿಸಿದೆ. ನಾನು ಉಂಡೆ.

ಹೋದ ತಿಂಗಳು ನಿಮ್ಮ ಮನೆಯಲ್ಲಿ ನಿನ್ನ ಮಗಳು ನನ್ನ ಪಕ್ಕ ಬಂದು ಕುಳಿತಳು. ಈ ಚಳಿಗಾಲ ಸಿಯೆರಾಕ್ಕೆ ಐಸು ಹತ್ತಲು ಹೋಗುತ್ತಾಳಂತೆ, ನೀನು ಬಿಡುತ್ತಿಲ್ಲವಂತೆ. “ಅಜ್ಜಾ, ಯೂ ಟೆಲ್ ಹರ್. ಅಮ್ಮಂಗೆ ಐಸು ಗೊತ್ತಾಗಲ್ಲಂತೆ, ನಂಗೂ ಗೊತ್ತಾಗಲ್ಲಂತೆ.” ಅಡಿಗೆಮನೆಯಿಂದ ನಿನ್ನ ದನಿ ಬಂತು: “ಹೌದವಾ, ಗಟ್ಟಿ ಐಸು ಪೊಳ್ಳ ಅಂತ ಕೇಳಿಸಿದ ಕಿವಿ ನಂದು, ಅವಸರ ಮಾಡಿ ಬಿದ್ದೇನಿ ನಾ. ಸಾಕು.”

ಇಲ್ಲ ವೀಣಾ. ನೀನು ಅವಸರ ಮಾಡಲಿಲ್ಲ, ನಿನ್ನ ಕಿವಿಯೂ ತಪ್ಪಿರಲಿಲ್ಲ. ಆ ಕಿವಿಯನ್ನು ನಂಬಿದ್ದರೆ ನೀನು ಆ ದಿನ ಮೆಟ್ಟಿಲು ಹತ್ತಿ, ಸಂಜೆಗೆ ನಗುತ್ತ ವ್ಯಾನ್ ಏರುತ್ತಿದ್ದೆ. ಐಸಿನ ವಿಷಯದಲ್ಲಿ ನನ್ನ ಮಾತಿಗೆ ಇನ್ನೂ ಏನಾದರೂ ಬೆಲೆ ಇದ್ದರೆ ಇದೊಂದನ್ನು ತೆಗೆದುಕೋ: ಅಂದು ಸರಿಯಾಗಿ ಕೇಳಿಸಿಕೊಂಡವಳು ನೀನು. ಮಗಳನ್ನು ಕಳಿಸುವುದು ಬಿಡುವುದು ನಿನಗೆ ಸೇರಿದ್ದು. ಆದರೆ ನನ್ನ ಸುಳ್ಳಿನ ಕಾರಣಕ್ಕೆ ಅವಳನ್ನು ತಡೆಯಬೇಡ.

ಮೋಹನನಿಗೆ ಫೋನ್ ಮಾಡಿ ಎಲ್ಲ ಹೇಳಿಯಾಯಿತು. ಅವನು ಫೋನ್ ಇಟ್ಟುಬಿಟ್ಟ. ಈ ಭಾನುವಾರ ಕ್ಯಾಂಪ್‌ಬೆಲ್‌ಗೆ ಬರುತ್ತೇನೆ. ಊಟಕ್ಕಲ್ಲ. ಇದನ್ನು ಓದಿದ ಮೇಲೆ ನೀನು ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ, ಒಳಗಿರುವ ಮಗಳಿಗೆ ಕೇಳಿಸುವಷ್ಟು ಜೋರಾಗಿ — ನಿನ್ನ ಅಮ್ಮನಿಗೆ ಕೇಳಿಸಿತ್ತು ಮಗೂ, ನಾನು ಸುಳ್ಳು ಹೇಳಿದೆ.