ಹೆಲ್‌ವಿಗ್ ಮೇಸ್ತ್ರಿಯ ದೊಡ್ಡ ಪಂಪು

ನನ್ನ ಅಕ್ಕನ ಗಂಡ ಯೋಸ್ಟ್ ಹೆಲ್‌ವಿಗ್ ಝೌವರ್‌ಲಾಂಡ್ ಬೆಟ್ಟಗಳ ನಡುವಿನ ನಮ್ಮ ಊರಿನಲ್ಲಿ ಮನೆ ಬೆಚ್ಚಗಿಡುವ ಕಸುಬಿನ ಮೇಸ್ತ್ರಿ. ನೆಲಮಾಳಿಗೆಯಲ್ಲಿ ನೀರು ಕಾಯಿಸಿ, ಕೊಳವೆಗಳಲ್ಲಿ ಸುತ್ತಿಸಿ, ಕಿಟಕಿಯ ಕೆಳಗೆ ಕೋಣೆ ಬಿಸಿಮಾಡುವ ಕಬ್ಬಿಣದ ರೇಡಿಯೇಟರಿಗೆ ಮುಟ್ಟಿಸುವುದು ಅವರ ಕೆಲಸ. ಮೇಸ್ತ್ರಿ ಪರೀಕ್ಷೆಯ ಪ್ರಮಾಣಪತ್ರ ಅಂಗಡಿಯ ಗೋಡೆಯಲ್ಲಿ ಶಿಲುಬೆಗಿಂತ ಒಂದು ಗೇಣು ಮೇಲೆ ತೂಗುತ್ತಿತ್ತು. ಪಾದ್ರಿಗಳು ಬಂದಾಗ ಮಾತ್ರ ಅಕ್ಕ ಅದನ್ನು ಇಳಿಸಿಡುತ್ತಿದ್ದಳು.

ನೀರು ಸುತ್ತಿಸುವ ಪಂಪನ್ನು ಆರಿಸುವಾಗ ಭಾವ ಲೆಕ್ಕ ಹಾಕುತ್ತಿದ್ದರು, ನಿಜ. ಆಮೇಲೆ ಚಳಿಗೆಂದು ಸ್ವಲ್ಪ, ಮನೆಯೊಡತಿಯ ಬಾಯಿಗೆಂದು ಸ್ವಲ್ಪ, ತಮ್ಮ ಹೆಸರಿಗೆಂದು ಸ್ವಲ್ಪ ಸೇರಿಸುತ್ತಿದ್ದರು. ಹಾಗಾಗಿ ಪಂಪು ಬೇಕಾದ್ದಕ್ಕಿಂತ ದೊಡ್ಡದಾಗಿ, ನೀರು ರಭಸದಿಂದ ನುಗ್ಗಿ, ಚಳಿಗಾಲವೆಲ್ಲ ಊರಿನ ರೇಡಿಯೇಟರುಗಳು ಸುಯ್ಯೆನ್ನುತ್ತಿದ್ದವು. ಯಾರಾದರೂ ದೂರಿದರೆ, "ಅದು ಶಾಖ ಬರೋ ಸದ್ದು ಕಣಮ್ಮ" ಎನ್ನುತ್ತಿದ್ದರು. ಜನ ನಂಬುತ್ತಿದ್ದರು. ನಮ್ಮೂರಲ್ಲಿ ವೈದ್ಯರ ಮಾತಿಗಿಂತ ಮೇಸ್ತ್ರಿಯ ಮಾತಿಗೆ ಬೆಲೆ ಜಾಸ್ತಿ. ವೈದ್ಯರಾದರೆ ಕರೆದಾಗ ಸಿಗುತ್ತಾರೆ.

ಶ್ವಾಸಕೋಶದ ಕಾಯಿಲೆ ಕೈಮೀರಿದ ಮೇಲೆ ಭಾವನನ್ನು ನದೀದಂಡೆಯ ಶುಶ್ರೂಷಾಲಯಕ್ಕೆ ಸೇರಿಸಿದೆವು. ಕೊನೆಯ ದಿನಗಳನ್ನು ಕಳೆಯಲು ಬರುವವರ ಮನೆ ಅದು. ಅಲ್ಲಿಯ ಪಂಪೂ ಅವರದೇ ಆಯ್ಕೆ. ಈಗ ಅವರ ಹಾಸಿಗೆಯ ಪಕ್ಕದ ರೇಡಿಯೇಟರೇ ಸುಯ್ಯೆನ್ನುತ್ತಿತ್ತು.

ಪಕ್ಕದ ಕೋಣೆಯಲ್ಲಿ ಬೇಕರಿಯ ಮುದುಕಿ ಓಟೀಲಿಯೆ ಇದ್ದಳು. ಒಂದು ಬೆಳಿಗ್ಗೆ ಅವಳ ಮಗಳು ಹೊರಗೆ ಬಂದು ನರ್ಸಿನ ಮುಂದೆ ಅತ್ತಳು.

"ಅಮ್ಮ ಏನೋ ಹೇಳ್ತಿದಾಳೆ. ಈ ಸದ್ದಿನಲ್ಲಿ ಒಂದಕ್ಷರ ಕೇಳಿಸಲ್ಲ. ರೇಡಿಯೇಟರ್ ನಿಲ್ಲಿಸಿಬಿಡ್ಲಾ?"

"ನಿಲ್ಲಿಸಿದ್ರೆ ಅವರಿಗೆ ಚಳಿ ತಡೆಯಲ್ಲಮ್ಮ. ಅದೂ ಅಲ್ದೆ, ಒಂದನ್ನ ಮುಚ್ಚಿದ್ರೆ ಪಕ್ಕದ್ದು ಇನ್ನೂ ಜೋರಾಗಿ ಕೂಗುತ್ತೆ."

ತೆರೆದ ಬಾಗಿಲಿನಿಂದ ಭಾವ ಎಲ್ಲ ಕೇಳಿಸಿಕೊಂಡರು. ನನ್ನ ಕಡೆ ತಿರುಗಿ, "ಡೆಟ್ಲೆಫ್‌ನ ಕರಿ" ಎಂದರು.

ಡೆಟ್ಲೆಫ್ ಅವರ ಶಿಷ್ಯ. ಈಗ ಅಂಗಡಿ ನಡೆಸುವವನು. ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತ.

"ಇಲ್ಲಿಗೆ ಚಿಕ್ಕ ಪಂಪು ಹಾಕೋ."

"ನೀವು ಹಾಕಿದ್ದನ್ನ ನಾನು ಕಳಚೋದಾ, ಮೇಸ್ತ್ರಿ? ಊರು ಏನನ್ನುತ್ತೆ?"

"ಹೆಲ್‌ವಿಗ್ ತಪ್ಪು ಮಾಡ್ದ ಅನ್ನುತ್ತೆ. ಅನ್ನಲಿ."

"ಮೂರು ಮಹಡಿ ಇದೆ. ನೀರು ಹತ್ತಬೇಕಲ್ಲ."

"ಲೋ, ಈ ಕಡೆ ಹತ್ತಿದಷ್ಟೇ ನೀರು ಆ ಕಡೆ ಇಳಿಯುತ್ತೆ. ತುಂಬಿದ ಕೊಳವೇಲಿ ಎತ್ತರ ಲೆಕ್ಕಕ್ಕಿಲ್ಲ. ಮನೆಗೆ ಎಷ್ಟು ಶಾಖ ಬೇಕು, ಅದನ್ನ ಹೊರೋಕೆ ಎಷ್ಟು ನೀರು ಹರೀಬೇಕು, ಎಲ್ಲಕ್ಕಿಂತ ಬಿಗಿಯಾದ ದಾರಿ ಆ ನೀರನ್ನ ಎಷ್ಟು ತಡೆಯುತ್ತೆ, ಅಷ್ಟೇ ನೋಡು. ಪರೀಕ್ಷೇಲಿ ನಾನೂ ಹಾಗೇ ಬರೆದಿದ್ದೆ. ಅಂಗಡಿಗೆ ಬೋರ್ಡು ಹಾಕ್ಕೊಂಡ ಮೇಲೆ ಮರೆತೆ."

"ಹುಷಾರಿಗೆ ಸ್ವಲ್ಪ ಹೆಚ್ಚಿಗೆ ಇಟ್ಕೊಳ್ಲಾ?"

ಭಾವ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಅದನ್ನೂ ನಾನೇ ಕಲಿಸಿದ್ದು. ಬೇಡ. ಇವತ್ತೇ ಮಾಡು, ಪಕ್ಕದ ಕೋಣೆಯಾಕೆ ನಾಳೆವರೆಗೆ ಕಾಯಲ್ಲ."

ಮಧ್ಯಾಹ್ನ ನೆಲಮಾಳಿಗೆಯಿಂದ ಸ್ಪ್ಯಾನರಿನ ಸದ್ದು ಬಂತು. ರೇಡಿಯೇಟರುಗಳು ತಣ್ಣಗಾದವು, ನರ್ಸು ಎಲ್ಲರಿಗೂ ಇನ್ನೊಂದು ಕಂಬಳಿ ಹೊದಿಸಿದಳು. ಕಾಫಿಯ ಹೊತ್ತಿಗೆ ಕಬ್ಬಿಣ ಮತ್ತೆ ಬೆಚ್ಚಗಾಯಿತು. ಸದ್ದಿರಲಿಲ್ಲ. ಭಾವ ಕೈಚಾಚಿ ಮುಟ್ಟಿ ನೋಡಿದರು, ಬೇರೆ ಯಾರದೋ ಕೆಲಸವನ್ನು ಪರೀಕ್ಷಿಸುವವರಂತೆ.

ಆಗ ಗೋಡೆಯಾಚೆಯಿಂದ ಓಟೀಲಿಯೆಯ ದನಿ ಕೇಳಿತು. ತೆಳುವಾಗಿತ್ತು, ಆದರೆ ಒಂದೊಂದು ಮಾತೂ ಬಿಡಿಬಿಡಿ. ನಡುವೆ ಮಗಳು, "ಹೂಂ ಅಮ್ಮ, ಹೂಂ" ಎನ್ನುತ್ತಿದ್ದಳು. ನಾನು ಕಿವಿಗೊಟ್ಟೆ.

"ಬಾಗಿಲು ಹಾಕು," ಎಂದರು ಭಾವ. "ಅದು ನಮಗೆ ಹೇಳ್ತಿರೋದಲ್ಲ."